ಒಗ್ಗಿದ ಸೂಜಿ

ನಮ್ಮ ಮನೆಯಲ್ಲಿ ಔಷಧಿಗಳು ಎರಡೇ ಬಗೆ. ಮೈಗೆ ಒಗ್ಗುವವು, ಒಗ್ಗದವು. ಡಾಕ್ಟರು ಎಷ್ಟೇ ಓದಿರಲಿ, ಚೀಟಿಯಲ್ಲಿ ಏನೇ ಬರೆದಿರಲಿ, ಕೊನೆಯ ತೀರ್ಪು ಅಕ್ಕನದು. ಅವಳು ಒಂದು ಹೆರಿಗೆ ಆಸ್ಪತ್ರೆಯಲ್ಲಿ ನರ್ಸು, ನನಗಿಂತ ಬಹಳ ದೊಡ್ಡವಳು. ಅಮ್ಮ ಹೋದಾಗ ನನಗೆ ಜಡೆ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಅಂದಿನಿಂದ ನನ್ನ ನೆಗಡಿ, ಕೆಮ್ಮು, ಹೊಟ್ಟೆನೋವು ಎಲ್ಲ ಅವಳ ಪಾಲಿಗೆ ಬಂದವು. "ಆ ಮಾತ್ರೆ ಇವಳಿಗೆ ಒಗ್ಗಲ್ಲ" ಎಂದು ಅವಳು ಒಮ್ಮೆ ಹೇಳಿದರೆ ಮುಗಿಯಿತು, ಆ ಮಾತ್ರೆ ಮತ್ತೆ ನಮ್ಮ ಹೊಸ್ತಿಲು ತುಳಿಯುತ್ತಿರಲಿಲ್ಲ. ಒಗ್ಗುವುದು ಎಂಬ ಮಾತು ಕೇಳಿದರೆ ಈಗ ನನಗೆ ಮೈಯೆಲ್ಲ ಉರಿಯುತ್ತದೆ. ಆದರೆ ಅದನ್ನು ಬಿಟ್ಟು ಈ ಕಥೆ ಹೇಳಲು ಬರುವುದಿಲ್ಲ.

ನಾನು ಕೋಟು ಹೊಲಿಯುವ ಅಂಗಡಿಯಲ್ಲಿ ಕಟಿಂಗ್ ಮಾಸ್ಟರ್. ಹೆಂಗಸೊಬ್ಬಳು ಕೋಟಿನ ಬಟ್ಟೆಗೆ ಕತ್ತರಿ ಹಾಕುತ್ತಾಳೆ ಎಂದರೆ ಗಿರಾಕಿಗಳಿಗೆ ನಂಬಿಕೆ ಬರುವುದಿಲ್ಲ. "ಮಾಸ್ಟರ್ ಇಲ್ವೇನಮ್ಮ?" ಎನ್ನುತ್ತಾರೆ. ನಾನೇ ಎಂದರೆ, "ಅಲ್ಲ, ಕಟ್ ಮಾಡೋರು?" ಎಂದು ನನ್ನ ಬೆನ್ನ ಹಿಂದೆ ಇಣುಕುತ್ತಾರೆ. ಬೆನ್ನ ಹಿಂದೆ ಇರುವುದು ಒಂದು ಇಸ್ತ್ರಿ ಮೇಜು, ಒಂದು ಗೋಡೆ. ನಾನು ಟೇಪು ತೆಗೆದು ಅವರ ಭುಜಕ್ಕೆ ಹಿಡಿಯುತ್ತೇನೆ. ನಿಮ್ಮ ಎಡಭುಜ ತುಸು ಇಳಿದಿದೆ, ಅಲ್ಲಿ ಪ್ಯಾಡ್ ದಪ್ಪ ಇಡಬೇಕು ಎಂದ ಮೇಲೆ ಅವರ ಬಾಯಿ ಮುಚ್ಚುತ್ತದೆ. ಬಟ್ಟೆಯನ್ನು ನಾನು ಕಣ್ಣಿಗಿಂತ ಹೆಚ್ಚಾಗಿ ಬೆರಳಲ್ಲಿ ನೋಡುತ್ತಿದ್ದೆ. ಬಲಗೈ ಹೆಬ್ಬೆರಳು, ತೋರುಬೆರಳಿನ ನಡುವೆ ಒಂದು ಸಲ ಹೊಸಕಿದರೆ ಅದು ಒಗೆದಾಗ ಎಷ್ಟು ಕುಗ್ಗೀತು, ಯಾವ ಕಡೆಗೆ ಎಳೆದೀತು, ಎಲ್ಲ ಗೊತ್ತಾಗುತ್ತಿತ್ತು. ಈ ಕೆಲಸ ಬಿಟ್ಟರೆ ನನಗೆ ಬೇರೆ ಏನೂ ಬರುವುದಿಲ್ಲ, ಕಲಿಯುವ ಆಸೆಯೂ ಇಲ್ಲ.

ಕಾಯಿಲೆ ಮೊದಲು ಬಂದದ್ದು ಕಣ್ಣಿಗೆ. ಕಪ್ಪು ಬಟ್ಟೆಯ ಮೇಲೆ ನಾನೇ ಎಳೆದ ಚಾಕ್‌ಪೀಸಿನ ಗೆರೆ ನಟ್ಟನಡುವೆ ಮಾಯವಾಗುತ್ತಿತ್ತು. ಕನ್ನಡಕ ಬದಲಾಯಿಸಿದೆ. ಕೆಲವು ವಾರಗಳಲ್ಲಿ ತಾನಾಗಿಯೇ ಸರಿಹೋಯಿತು, ಕನ್ನಡಕದವನಿಗೆ ಒಳ್ಳೆಯ ಹೆಸರು ಬಂತು. ಆಮೇಲೆ ಎಡಗಾಲಿಗೆ ಜೋಮು ಹಿಡಿಯಿತು, ಬಿಡಲೇ ಇಲ್ಲ. ಇಸ್ತ್ರಿಯ ಬಿಸಿ ತಾಗಿದರೆ ಸಾಕು, ಕಣ್ಣು ಮತ್ತೆ ಮಂಜಾಗುತ್ತಿತ್ತು. ತಲೆಯ ಸ್ಕ್ಯಾನು, ಬೆನ್ನಿನಿಂದ ನೀರು ತೆಗೆಯುವುದು ಎಲ್ಲ ಆದ ಮೇಲೆ ನರದ ಡಾಕ್ಟರು ಹೆಸರು ಹೇಳಿದರು. ಮಲ್ಟಿಪಲ್ ಸ್ಕ್ಲೆರೋಸಿಸ್. ಅಷ್ಟುದ್ದ ಹೇಳಲು ಯಾರಿಗೂ ಪುರಸೊತ್ತಿಲ್ಲ, ಎಂ.ಎಸ್. ಎನ್ನುತ್ತಾರೆ.

ನಾನಿರುವುದು ಅಕ್ಕನ ಮನೆಯ ಮಹಡಿ ಕೋಣೆಯಲ್ಲಿ. ಅಕ್ಕನ ಗಂಡನಿಗೆ ನಾನಿಟ್ಟ ಹೆಸರು ರೇಡಿಯೋ. ಎದ್ದಾಗ ಶುರುವಾದರೆ ಮಲಗುವವರೆಗೆ ನಿಲ್ಲುವುದಿಲ್ಲ. "ಎಂ.ಎಸ್. ಅಂದ್ರೆ ಡಾಕ್ಟ್ರುಗಳ ದೊಡ್ಡ ಡಿಗ್ರಿ ಅಲ್ವೇನೇ?" ಎಂದರು ಭಾವ. "ಸ್ಕೂಲಿಗೇ ಚಕ್ಕರ್ ಹೊಡೆದವಳಿಗೆ ಓದದೇ ಬಂತಲ್ಲ!" ನಾನು ಬಿದ್ದು ಬಿದ್ದು ನಕ್ಕೆ. ಅಕ್ಕ ಮಾತ್ರ ನಗಲಿಲ್ಲ.

ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ನನ್ನ ಕೆಲಸ ಏನೆಂದು ಕೇಳಿ ತಿಳಿದುಕೊಂಡು ಮಾತು ಶುರುಮಾಡಿದರು. "ಕೋಟಿಗೆ ಒಳಗೆ ಲೈನಿಂಗ್ ಇರುತ್ತಲ್ಲ, ಹಾಗೆ ನರದ ಮೇಲೂ ಒಂದು ಪೊರೆ ಇರುತ್ತೆ. ನಿಮ್ಮನ್ನ ರೋಗದಿಂದ ಕಾಯ್ಬೇಕಾದ ರಕ್ತಕಣಗಳೇ ಆ ಪೊರೇನ ಹರಿದು ಹಾಕ್ತಿವೆ."

"ಹೊಸ ಲೈನಿಂಗ್ ಹಾಕೋ ಔಷಧಿ ಕೊಡಿ ಮೇಡಂ."

"ಅದು ನನ್ನ ಹತ್ರ ಇಲ್ಲ. ಇರೋದೆಲ್ಲ ಮುಂದೆ ಹರಿಯೋದನ್ನ ಕಮ್ಮಿ ಮಾಡೋ ಔಷಧಿ."

ಅವರು ಮೂರು ದಾರಿ ಹೇಳಿದರು. ವಾರಕ್ಕೊಮ್ಮೆ ಸೂಜಿ: ಹಳೆಯದು, ಪ್ರಾಣಕ್ಕೆ ಅಪಾಯ ಕಡಿಮೆ, ಆದರೆ ಪ್ರತಿ ಸೂಜಿಯ ಹಿಂದೆ ಜ್ವರ. ಇಲ್ಲವೇ ದಿನಾ ಮಾತ್ರೆ: ಲಿವರಿನ ಮೇಲೆ ಕಣ್ಣಿಟ್ಟಿರಬೇಕು. ಇಲ್ಲವೇ ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ಡ್ರಿಪ್: ಎಲ್ಲಕ್ಕಿಂತ ಗಟ್ಟಿ, ಆದರೆ ರಕ್ತದಲ್ಲಿ ಒಂದು ವೈರಸ್ ಇದ್ದವರಿಗೆ ಅದು ಮೆದುಳಿಗೆ ಏರುವ ಭಯ. "ಇದರಲ್ಲಿ ಯಾವುದು ಒಳ್ಳೇದು?" ಎಂದೆ. "ಯಾವ ತೊಂದರೆ ನಿಮಗೆ ತಡ್ಕೊಳ್ಳೋಕಾಗುತ್ತೆ ಅನ್ನೋದರ ಮೇಲೆ ನಿಂತಿದೆ. ನೀವೇ ಹೇಳ್ಬೇಕು" ಎಂದರು. ಯಾವ ಬಟ್ಟೆ ಒಳ್ಳೆಯದು ಎಂದು ಕೇಳಿದ ಗಿರಾಕಿಗೆ ನಾನು ಹೀಗೆ ಹೇಳಿದ್ದರೆ ಅವರು ಎದುರಿನ ಅಂಗಡಿಗೆ ಹೋಗುತ್ತಿದ್ದರು.

"ನನಗೆ ಬಲಗೈ ಬೇಕು ಮೇಡಂ" ಎಂದೆ. "ಕಾಲು ಕುಂಟಿದ್ರೂ ಪರವಾಗಿಲ್ಲ, ಸ್ಟೂಲ್ ಹಾಕ್ಕೊಂಡು ಕೂತ್ಕೋತೀನಿ. ಕೈ ಹೋದ್ರೆ ನಾನಿಲ್ಲ."

ಅವರು ತಲೆಯಾಡಿಸಿದರು. ನಾನೂ ಜೊತೆಗೆ ಬಂದಿದ್ದ ಅಕ್ಕನೂ ಏಳುವಾಗ ಒಂದು ಮಾತು ಹೇಳಿದರು. "ಒಂದು ನೆನಪಿರ್ಲಿ. ಯಾವ ಔಷಧಿ ತಗೊಂಡ್ರೂ ಗುಣ ಅಂತ ಕಣ್ಣಿಗೆ ಕಾಣಲ್ಲ. ಏನೂ ಆಗ್ದೇ ಇರೋದೇ ಇದರ ಗುಣ."

ನನಗೆ ಅರ್ಥವಾಯಿತು. ಅಕ್ಕನಿಗೆ ಆಗಲಿಲ್ಲ. ಬಸ್ಸಿನಲ್ಲಿ ಬರುತ್ತ, "ಗುಣಾನೇ ಕಾಣದ್ದು ಅದೆಂಥ ಔಷಧಿನೋ" ಎಂದು ಗೊಣಗಿದಳು. ಅವಳ ಆಸ್ಪತ್ರೆಯಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ. ನೋವು ಬರುತ್ತದೆ, ಮಗು ಹುಟ್ಟುತ್ತದೆ, ನೋವು ಹೋಗುತ್ತದೆ. ಆದರೂ ಮೆದುಳಿನ ಭಯಕ್ಕಿಂತ ಜ್ವರವೇ ವಾಸಿ, ಸೂಜಿಯೇ ಇರಲಿ ಎಂದು ನಾನು ಹೇಳಿದಾಗ ಅವಳು ಗೆಲುವಾದಳು. "ಸೂಜಿ ಅಂದ್ರೆ ನಾನಿಲ್ವೇನೇ? ಕಂಡೋರ ಮುಂದೆ ಕೈ ಚಾಚೋ ಕೆಲಸ ಇಲ್ಲ."

ಅಂದಿನಿಂದ ನಾಡಿನ ವೈದ್ಯರೆಲ್ಲ ನನ್ನ ಸುತ್ತ ಹುಟ್ಟಿಕೊಂಡರು. ನರ ವೀಕು, ಬಾದಾಮಿ ತಿನ್ನು ಎಂದರು ಎದುರುಮನೆಯವರು. ತಲೆಕೆಳಗಾಗಿ ನಿಂತು ಎಂಥೆಂಥದೋ ವಾಸಿ ಮಾಡಿಕೊಂಡವನ ಸುದ್ದಿ ಭಾವ ತಂದರು. ಅಂಗಡಿಯ ಯಜಮಾನರು, "ಮದುವೆ ಆಗಿದ್ರೆ ಇದೆಲ್ಲ ಬರ್ತಿರ್ಲಿಲ್ಲ" ಎಂದರು. ಬಿಟ್ಟಿ ಸಲಹೆಗೆ ಬರವೇ ಇರಲಿಲ್ಲ.

ಸೂಜಿಯ ಡಬ್ಬಿಯಲ್ಲಿ ಪುಟ್ಟ ಸೀಸೆಯಲ್ಲಿ ಬಿಳಿ ಪುಡಿ, ಪಕ್ಕದಲ್ಲಿ ನೀರು ತುಂಬಿದ ಸಿರಿಂಜು. ನೀರನ್ನು ಪುಡಿಗೆ ಬಿಟ್ಟು, ಕರಗಿಸಿ, ಮತ್ತೆ ಎಳೆದುಕೊಂಡು ಚುಚ್ಚಬೇಕು. ಶನಿವಾರ ಸಂಜೆ ನಾನು ಅಂಗಡಿಯಿಂದ ಬಂದ ಮೇಲೆ ಅಕ್ಕ ಇದನ್ನೆಲ್ಲ ಅಡುಗೆಮನೆಯಲ್ಲಿ ಮಾಡಿಕೊಂಡು ಬರುತ್ತಿದ್ದಳು. ಹೊಲಿಗೆಯ ಸೂಜಿ ದಿನಾ ಚುಚ್ಚಿಸಿಕೊಳ್ಳುವ ನಾನು ಈ ಸೂಜಿ ಕಂಡರೆ ಗೋಡೆಯ ಕಡೆ ಮುಖ ಮಾಡುತ್ತಿದ್ದೆ. "ಆಯ್ತು, ಇಷ್ಟಕ್ಕೆ ಅಷ್ಟೊಂದಾ?" ಎಂದು ಅಕ್ಕ ತೋಳು ಉಜ್ಜುತ್ತಿದ್ದಳು. ಭಾನುವಾರ ಬೆಳಗ್ಗೆ ಎದ್ದರೆ ಹಲ್ಲು ಕಟಕಟ. ಬೆನ್ನುಮೂಳೆ ಯಾರೋ ಹಿಂಡಿದ ಹಾಗೆ, ಮಂಡಿಯಲ್ಲಿ ಸೆಳೆತ, ಕಣ್ಣುಗುಡ್ಡೆ ಹೊರಳಿಸಿದರೂ ನೋವು. ಅಕ್ಕ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಪಕ್ಕದಲ್ಲಿ ಕುಳಿತಿರುತ್ತಿದ್ದಳು. ಅವಳಿಗೂ ವಾರಕ್ಕೆ ಅದೊಂದೇ ರಜೆ.

ಕ್ರಮೇಣ ಜ್ವರ ಕಡಿಮೆಯಾಗುತ್ತದೆ, ಬಿಡಬೇಡಿ ಎಂದು ಡಾಕ್ಟರು ಹೇಳಿದ್ದರು. ಕಡಿಮೆಯಾಗಲಿಲ್ಲ. ಸೋಮವಾರದ ಕೆಲಸವೆಲ್ಲ ಸೊಟ್ಟ. "ಸಾಕಾಯ್ತು ಅಕ್ಕ, ಇದಕ್ಕಿಂತ ಕಾಯಿಲೇನೇ ವಾಸಿ" ಎಂದು ಒಂದು ಭಾನುವಾರ ಅತ್ತುಬಿಟ್ಟೆ. ಜ್ವರದಲ್ಲಿ ಅಂದ ಮಾತು ಅದು. ಅಕ್ಕ ಬಟ್ಟೆ ಹಿಂಡಿ ಮತ್ತೆ ಹಣೆಗೆ ಹಾಕಿದಳು.

ಆಮೇಲೆ ಒಂದು ಭಾನುವಾರ ಎದ್ದೆ, ಜ್ವರವಿಲ್ಲ. ಮುಂದಿನ ಭಾನುವಾರವೂ ಇಲ್ಲ. ಮೆಟ್ಟಿಲು ದಡದಡ ಇಳಿದು ಹೋಗಿ, "ಅಕ್ಕಾ, ಒಗ್ಗಿತು ಕಣೇ!" ಎಂದೆ. ಅವಳು ಒಲೆಯ ಕಡೆ ತಿರುಗಿಕೊಂಡೇ, "ಹ್ಞೂಂ, ಒಗ್ಗಿರಬೇಕು" ಎಂದಳು. ಡಾಕ್ಟರ ಮುಂದೆಯೂ ಹೋಗಿ ಹೇಳಿದೆ. ಅವರು ಸಂತೋಷಪಟ್ಟರು. ಸ್ಕ್ಯಾನಿನಲ್ಲಿ ಪೊರೆ ಹರಿದ ಹೊಸ ಕಲೆ ಯಾವುದೂ ಇರಲಿಲ್ಲ. ನಾನು ಸೋಮವಾರವೂ ಕತ್ತರಿ ಹಿಡಿದೆ, ಬಾಕಿ ಬಿದ್ದಿದ್ದ ಕೋಟುಗಳನ್ನೆಲ್ಲ ಮುಗಿಸಿದೆ. ಬದುಕು ಹಳಿಗೆ ಬಂತು ಎಂದುಕೊಂಡೆ. ಎಷ್ಟು ತಿಂಗಳು ಹಾಗೆಯೇ ಬೀಗಿಕೊಂಡು ಓಡಾಡಿದೆ ಎಂದು ನೆನೆಸಿಕೊಂಡರೆ ಈಗ ನನ್ನ ಮೇಲೇ ಅಸಹ್ಯವಾಗುತ್ತದೆ.

ಒಂದು ದಿನ ನನ್ನ ಕೈ ನನಗೇ ಕೈಕೊಟ್ಟಿತು. ಬೂದುಬಣ್ಣದ ದಪ್ಪ ಬಟ್ಟೆ, ಗಿರಾಕಿ ಎಲ್ಲಿಂದಲೋ ತರಿಸಿದ್ದು. ಮುಂಭಾಗ ಕತ್ತರಿಸುತ್ತಿದ್ದೆ. ಕತ್ತರಿ ಹೋಗುತ್ತಲೇ ಇತ್ತು, ಗೆರೆ ಬಿಟ್ಟು ಎಲ್ಲೋ ಹೋಗುತ್ತಿತ್ತು, ನನಗೆ ತಿಳಿಯಲೇ ಇಲ್ಲ. ಕೈಯಲ್ಲಿ ಕತ್ತರಿ ಇದೆ ಎಂಬುದೇ ಗೊತ್ತಾಗುತ್ತಿರಲಿಲ್ಲ. ಎದುರಿನ ಮೆಷಿನ್ನಿನವನು "ಮಾಸ್ಟರೇ!" ಎಂದು ಕೂಗಿದಾಗ ನೋಡಿದರೆ ಎದೆಯ ಭಾಗ ಸೀಳಿ ಎರಡಾಗಿತ್ತು. ಸಂಜೆಯ ಹೊತ್ತಿಗೆ ಬಲಗೈ ಮೊಣಕೈವರೆಗೆ ಮರದ ಕೊರಡು.

ಆಸ್ಪತ್ರೆಗೆ ಸೇರಿಸಿ ಸ್ಟೀರಾಯ್ಡ್ ಕೊಟ್ಟರು. ಕೈ ಎತ್ತಲು ಬಂತು, ಮುಷ್ಟಿ ಹಿಡಿಯಲು ಬಂತು. ಹೆಬ್ಬೆರಳು ಮತ್ತು ತೋರುಬೆರಳು ಮಾತ್ರ ಬರಲಿಲ್ಲ. ಅಲ್ಲಾಡುತ್ತವೆ, ಆದರೆ ರೇಷ್ಮೆ ಇಟ್ಟರೂ ಗೋಣಿ ಇಟ್ಟರೂ ಅವಕ್ಕೆ ಒಂದೇ. ಯಜಮಾನರು ಬಂದು ನೋಡಿ, "ಕೌಂಟರಲ್ಲಿ ಕೂತು ಗಿರಾಕಿಗಳನ್ನ ಮಾತಾಡಿಸ್ಕೊಂಡಿರಮ್ಮ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ನನಗೆ ಅವರ ಕುತ್ತಿಗೆ ಹಿಸುಕಬೇಕು ಅನ್ನಿಸಿತು.

ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಸೂಜಿ ಯಾವತ್ತಾದ್ರೂ ತಪ್ಪಿತ್ತಾ?"

"ಒಂದೇ ಒಂದೂ ಇಲ್ಲ ಮೇಡಂ" ಎಂದೆ. "ನಮ್ಮಕ್ಕನೇ ಹಾಕೋದು. ಬೇಕಾದ್ರೆ ಕೇಳಿ."

ಡಾಕ್ಟರು ಅಕ್ಕನ ಮುಖ ನೋಡಿದರು. ಅಕ್ಕ ಇಲ್ಲ ಎಂಬಂತೆ ತಲೆಯಾಡಿಸಿದಳು.

"ಹಾಗಾದ್ರೆ ಆ ಔಷಧಿ ನಿಮ್ಮಲ್ಲಿ ಸೋತಿದೆ ಅಂತಾಯ್ತು" ಎಂದರು ಡಾಕ್ಟರು. ಇನ್ನು ಗಟ್ಟಿ ಔಷಧಿಯೇ ಗತಿ, ತಿಂಗಳ ಡ್ರಿಪ್. ಆದರೆ ರಕ್ತ ಪರೀಕ್ಷೆಯಲ್ಲಿ ಆ ವೈರಸ್ ಇದ್ದದ್ದು ಗೊತ್ತಾಯಿತು. ತುಂಬ ಜನರಲ್ಲಿ ಅದು ಸುಮ್ಮನೆ ಬಿದ್ದುಕೊಂಡಿರುತ್ತದಂತೆ. ಡ್ರಿಪ್ ವರ್ಷಗಟ್ಟಲೆ ತೆಗೆದುಕೊಂಡರೆ ಎಲ್ಲೋ ಕೆಲವರಲ್ಲಿ ಎದ್ದು ಮೆದುಳು ತಿನ್ನುತ್ತದಂತೆ. ತಿಂದರೆ ಮಾತು ಹೋಗಬಹುದು, ಜೀವವೂ ಹೋಗಬಹುದು. "ಹೆದರಿಸ್ತಿಲ್ಲ, ಗೊತ್ತಿರ್ಲಿ ಅಂತ ಹೇಳ್ತಿದ್ದೀನಿ. ಯೋಚನೆ ಮಾಡಿ ಬನ್ನಿ. ಅಲ್ಲಿವರೆಗೆ ಸೂಜಿ ನಿಲ್ಲಿಸ್ಬೇಡಿ."

ಆ ವಾರ ಅಕ್ಕ ತನ್ನ ಮಗಳ ಮನೆಗೆ ಹೋಗಬೇಕಾಯಿತು. ಮಗಳು ಬೇರೆ ಬಾಡಿಗೆ ಮನೆಗೆ ಸಾಮಾನು ಸಾಗಿಸುತ್ತಿದ್ದಳು, ಕೈಗೊಬ್ಬರು ಬೇಕಿತ್ತು. ಶನಿವಾರ ನಾನು ಅಕ್ಕನಿಗೆ ಫೋನು ಮಾಡಿ, ಪಕ್ಕದ ರಸ್ತೆಯ ಕ್ಲಿನಿಕ್ಕಿನಲ್ಲಿ ಸೂಜಿ ಹಾಕಿಸಿಕೊಳ್ಳುತ್ತೇನೆ ಎಂದೆ.

"ಬೇಡ ಬೇಡ" ಎಂದಳು. "ಒಂದು ವಾರಕ್ಕೆ ಏನೂ ಆಗಲ್ಲ. ನಾನು ಬಂದ್ಮೇಲೆ ಹಾಕ್ತೀನಿ."

"ನಿಲ್ಲಿಸ್ಬೇಡಿ ಅಂದಿದ್ದಾರಲ್ಲೇ."

"ಕಂಡೋರ ಕೈಲಿ ಹಾಕಿಸ್ಕೊಬೇಡ ಅಂದ್ನಲ್ಲ, ಹೇಳಿದ್ದು ಕೇಳು!"

ಅವಳು ಹಾಗೆ ಗದರಿದ್ದು ನಾನು ದೊಡ್ಡವಳಾದ ಮೇಲೆ ಅದೇ ಮೊದಲು. ಮೊಂಡುತನ ನನಗೂ ಇದೆ. ಡಬ್ಬಿ ಹಿಡಿದುಕೊಂಡು ಕ್ಲಿನಿಕ್ಕಿಗೆ ಹೋದೆ. ಕಾಂಪೌಂಡರು ಪುಡಿ ಕರಗಿಸಿ ಚುಚ್ಚಿದರು, ನಾನು ಕ್ಯಾಲೆಂಡರ್ ನೋಡುತ್ತ ನಿಂತಿದ್ದೆ.

ಭಾನುವಾರ ಬೆಳಗ್ಗೆ ಎಚ್ಚರವಾದದ್ದೇ ನನ್ನ ಹಲ್ಲಿನ ಸದ್ದಿಗೆ. ಬೆನ್ನುಮೂಳೆ, ಮಂಡಿ, ಕಣ್ಣುಗುಡ್ಡೆ. ಮೊದಲು ಫ್ಲೂ ಇರಬೇಕು ಎಂದುಕೊಂಡೆ. ಆದರೆ ಈ ಜ್ವರ ನನಗೆ ಹಳೆಯ ಪರಿಚಯದ್ದು, ಅದು ನೋಯಿಸುವ ಜಾಗಗಳೆಲ್ಲ ನನಗೆ ಗೊತ್ತು. ಒಗ್ಗಿಹೋಗಿದ್ದ ಸೂಜಿ ಕೈ ಬದಲಾದ ಕೂಡಲೇ ಯಾಕೆ ಒಗ್ಗದೇ ಹೋಯಿತು? ಹೊದ್ದು ಮಲಗಿ ನಡುಗುತ್ತ ಅದೇ ಒಂದನ್ನು ಯೋಚಿಸಿದೆ. ಒಲೆಯ ಕಡೆ ತಿರುಗಿದ ಅಕ್ಕನ ಬೆನ್ನು ನೆನಪಾಯಿತು. ಫೋನಿನಲ್ಲಿ ಗದರಿದ್ದು ನೆನಪಾಯಿತು. ಮಧ್ಯಾಹ್ನದ ಹೊತ್ತಿಗೆ ನನಗೆ ಜ್ವರದ ನಡುಕ ಯಾವುದು, ಸಿಟ್ಟಿನ ನಡುಕ ಯಾವುದು ತಿಳಿಯುತ್ತಿರಲಿಲ್ಲ.

ಸೋಮವಾರ ಸಂಜೆ ಅಕ್ಕ ಬಂದಳು. ಚಪ್ಪಲಿ ಬಿಡುತ್ತಿದ್ದಳು, ಬ್ಯಾಗು ಇನ್ನೂ ಹೆಗಲಲ್ಲೇ ಇತ್ತು.

"ಅಕ್ಕ, ಪುಡಿ ಏನು ಮಾಡ್ತಿದ್ದೆ?"

ಯಾವ ಪುಡಿ ಎಂದು ಅವಳು ಕೇಳಲಿಲ್ಲ. ಗೋಡೆ ಹಿಡಿದುಕೊಂಡಳು.

"ಸಿಂಕಿಗೆ ಸುರಿದು ನಲ್ಲಿ ಬಿಡ್ತಿದ್ದೆ."

"ನನಗೆ ಹಾಕ್ತಿದ್ದಿದ್ದು?"

"ನೀರು" ಎಂದಳು. "ಡಬ್ಬೀದೇ ನೀರು. ಒಂದೇ ಒಂದು ವಾರ ನಿಂಗೆ ಬಿಡುವು ಕೊಡೋಣ ಅಂತ ಮಾಡ್ದೆ ಕಣೇ. ಆ ಭಾನುವಾರ ನೀನು ಎದ್ದು ಬಂದು ಹಾಡು ಹೇಳ್ಕೊಂಡು ತಲೆ ಬಾಚ್ಕೊಂಡೆ. ಎಷ್ಟು ದಿನ ಆಗಿತ್ತು ನಿನ್ನ ಹಾಗೆ ನೋಡಿ. ಮುಂದಿನ ವಾರ ಆ ಪುಡಿ ಬೆರೆಸೋಕೆ ನಂಗೆ ಕೈಯೇ ಬರ್ಲಿಲ್ಲ. ಸ್ಕ್ಯಾನ್ ಬೇರೆ ಚೆನ್ನಾಗಿದೆ ಅಂದ್ರು. ಗುಣ ಕಾಣದ ಔಷಧಿಗೆ ಇಷ್ಟು ನರಳಾಟ ಯಾಕೆ ಅಂತ..."

"ನಿಂಗೆ ಕೈ ಬರ್ಲಿಲ್ಲ" ಎಂದೆ. "ನಂಗೆ ಕೈಯೇ ಹೋಯ್ತು."

ಅವಳು ಅಳತೊಡಗಿದಳು. ಅತ್ತರೆ ಅಳಲಿ ಎಂದು ಬಿಟ್ಟೆ. ನೀರು ಚುಚ್ಚಿದ್ದನ್ನು ನಾನು ಕ್ಷಮಿಸಿಬಿಡುತ್ತಿದ್ದೆನೇನೋ, ಕನಿಕರ ಎಂಬುದು ಎಂಥೆಂಥವರ ಬುದ್ಧಿಯನ್ನೂ ಕೆಡಿಸುತ್ತದೆ. ನನಗೆ ಕ್ಷಮಿಸಲು ಆಗದೇ ಇದ್ದದ್ದು ಆಮೇಲಿನದು. "ಡಾಕ್ಟ್ರು ಕೇಳಿದಾಗ ತಲೆ ಆಡಿಸ್ದೆಯಲ್ಲ! ವೈರಸ್ಸನ್ನ ಮೆದುಳಿಗೆ ಏರಿಸೋ ಔಷಧಿ ಬರೀತಿದ್ರು, ಪಕ್ಕದಲ್ಲೇ ಕೂತಿದ್ದೆ. ನಾಲಿಗೆ ಬಿದ್ದು ಹೋಗಿತ್ತಾ?"

"ನಾನು ನರ್ಸು ಕಣೇ. ಅವರ ಮುಂದೆ ಏನಂತ ಹೇಳ್ಲಿ?"

ಭಾವ ಬಾಗಿಲಲ್ಲಿ ನಿಂತಿದ್ದರು. ರೇಡಿಯೋದ ದನಿ ಎಂದೂ ಇಲ್ಲದಷ್ಟು ತಗ್ಗಿತ್ತು. "ಕೆಟ್ಟದಾಗ್ಲಿ ಅಂತ ಮಾಡ್ಲಿಲ್ವಮ್ಮ ಅವಳು. ಹೊಟ್ಟೆಗೆ ಹಾಕ್ಕೋ" ಎಂದರು.

"ಎಷ್ಟು ಅಂತ ಹಾಕ್ಕೊಳ್ಳಿ ಭಾವ? ನನಗಿರೋದೂ ಒಂದೇ ಹೊಟ್ಟೆ" ಎಂದು ಮಹಡಿ ಹತ್ತಿದೆ.

ಆ ವಾರವೇ ಡಾಕ್ಟರ ಹತ್ತಿರ ಹೋದೆವು. ನೀನೇ ನಿನ್ನ ಬಾಯಿಂದ ಹೇಳಬೇಕು ಎಂದಿದ್ದೆ, ಅಕ್ಕ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು. ಬೈಯುತ್ತಾರೆ ಎಂದು ಕಾದೆ, ಬೈಯಲಿಲ್ಲ. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು, ಅಷ್ಟೆ.

"ಹಾಗಾದ್ರೆ ಆ ಔಷಧಿ ಸೋತಿದೆಯೋ ಇಲ್ವೋ ನಮಗೆ ಗೊತ್ತೇ ಇಲ್ಲ" ಎಂದರು. "ಅದನ್ನ ನೀವು ಸರಿಯಾಗಿ ತಗೊಂಡೇ ಇಲ್ಲ. ನಾನಾಗಿದ್ರೆ ಅದಕ್ಕೇ ಇನ್ನೊಂದು ಅವಕಾಶ ಕೊಡ್ತಿದ್ದೆ. ಡ್ರಿಪ್‌ಗೆ ಹೋದ್ರೂ ತಪ್ಪು ಅನ್ನಲ್ಲ, ಕೈಗೆ ಪೆಟ್ಟು ಬಿದ್ದಾಗಿದೆ. ಆದ್ರೆ ಆ ವೈರಸ್ ಇರೋವಾಗ..." ಮಾತು ಅರ್ಧಕ್ಕೇ ಬಿಟ್ಟರು.

ಅಕ್ಕ ಕುರ್ಚಿಯ ತುದಿಗೆ ಬಂದಳು. "ಸೂಜೀನೇ ಇರ್ಲಿ ಮೇಡಂ. ಇವಳ ಕಣ್ಣೆದುರಿಗೇ ಪುಡಿ ಬೆರೆಸ್ತೀನಿ. ಬೇಡ ಅಂದ್ರೆ ಕ್ಲಿನಿಕ್ಕಿಗೆ ಕರ್ಕೊಂಡು ಹೋಗ್ತೀನಿ."

ಅವಳು ಹೇಳಿದ್ದು ನಿಜವೇ, ಮಾಡುತ್ತಿದ್ದಳು. ಆದರೆ ಮುಂದಿನದು ನನಗೆ ಕಾಣುತ್ತಿತ್ತು. ಭಾನುವಾರ ಜ್ವರ ಬರುತ್ತದೆ. ಒದ್ದೆ ಬಟ್ಟೆ ಹಿಡಿದು ಅವಳು ಪಕ್ಕದಲ್ಲಿ ಕೂರುತ್ತಾಳೆ, ಕಣ್ಣು ತುಂಬಿಕೊಳ್ಳುತ್ತಾಳೆ. ಸಾಕು ಅಕ್ಕ ಎಂದು ನಾನು ಅಳುತ್ತೇನೆ. ಯಾವುದೋ ಒಂದು ಶನಿವಾರ ಇಬ್ಬರೂ ಸೇರಿ, ಇದೊಂದು ವಾರ ಬೇಡ ಎನ್ನುತ್ತೇವೆ. ಆ ಮನೆಯಲ್ಲಿ ನನ್ನ ಮೇಲಿನ ಪ್ರೀತಿ ನನ್ನನ್ನು ಇನ್ನಷ್ಟು ತಿನ್ನುತ್ತದೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ನಿಜ: ಎಲ್ಲೋ ಮಲಗಿರುವ ಆ ವೈರಸ್ಸಿಗಿಂತ ಪಕ್ಕದಲ್ಲಿ ಕುಳಿತ ಅಕ್ಕನನ್ನು ಕಂಡರೆ ನನಗೆ ಹೆಚ್ಚು ಭಯವಾಯಿತು.

"ಡ್ರಿಪ್ ಯಾರು ಹಾಕ್ತಾರೆ ಮೇಡಂ?" ಎಂದೆ.

"ಮೇಲಿನ ವಾರ್ಡಲ್ಲಿ, ನಮ್ಮ ನರ್ಸುಗಳು."

"ಅವರಿಗೆ ನಾನು ಯಾರು ಅಂತ ಗೊತ್ತಾ?"

"ಇಲ್ಲ. ಯಾಕೆ?"

"ನಾನು ನರಳಿದ್ರೆ ಅವರಿಗೆ ರಾತ್ರಿ ನಿದ್ದೆ ಕೆಡಲ್ಲ ತಾನೆ?"

ಡಾಕ್ಟರು ಒಮ್ಮೆ ನನ್ನನ್ನು, ಒಮ್ಮೆ ಅಕ್ಕನನ್ನು ನೋಡಿದರು. "ಇದು ಸಿಟ್ಟಲ್ಲಿ ಮಾಡೋ ತೀರ್ಮಾನ ಅಲ್ಲಮ್ಮ" ಎಂದರು.

"ಸಿಟ್ಟಲ್ಲೇ ಮಾಡ್ತಿದ್ದೀನಿ ಮೇಡಂ. ಅದನ್ನೇ ಹಾಕಿ."

ಅಕ್ಕ ನನ್ನ ಬಲಗೈ ಹಿಡಿದುಕೊಂಡಳು. ಹೆಬ್ಬೆರಳನ್ನು ಒತ್ತಿ ಒತ್ತಿ ಹಿಡಿದಳು, ನನಗೆ ಗೊತ್ತಾಗಲಿಲ್ಲ.

ಪರೀಕ್ಷೆಗಳೆಲ್ಲ ಮುಗಿದು ಮೊದಲ ಡ್ರಿಪ್‌ನ ದಿನ ಬಂತು. ವಾರ್ಡು ಉದ್ದಕ್ಕಿತ್ತು, ಒರಗು ಕುರ್ಚಿಗಳು, ಒಬ್ಬೊಬ್ಬರ ಪಕ್ಕದಲ್ಲೂ ಒಂದೊಂದು ಸ್ಟ್ಯಾಂಡು. ನರ್ಸು ಮುಖ ಗಂಟಿಕ್ಕಿಕೊಂಡ ಹೆಂಗಸು. ನನ್ನ ಹೆಸರು ಎರಡು ಸಲ ಕೇಳಿದಳು, ಬಾಟಲಿಯ ಮೇಲಿನ ಚೀಟಿ ಜೋರಾಗಿ ಓದಿದಳು, ನನ್ನ ಕಣ್ಣ ಮುಂದೆ ಹಿಡಿದಳು. ನಾನು ಅಕ್ಷರ ಅಕ್ಷರ ಓದಿದೆ. ನರ ಸಿಗಲಿಲ್ಲ, ಎರಡನೇ ಸಲ ಚುಚ್ಚಿದಳು, ಅಯ್ಯೋ ಎನ್ನಲಿಲ್ಲ. ಹನಿ ಬೀಳತೊಡಗಿತು. ಒಂದೊಂದು ಹನಿ ಇಳಿದಾಗಲೂ ಒಳಗೆ ಎಂಥದ್ದೋ ಎಚ್ಚರಗೊಳ್ಳುತ್ತಿದೆಯೇನೋ ಎಂದು ನನಗೆ ಹೆದರಿಕೆಯಾಯಿತು. ಯಾರದಾದರೂ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು.

"ಮುಖ ಬೆವರ್ತಿದೆಯಲ್ಲ" ಎಂದಳು ನರ್ಸು. "ಜೊತೇಲಿ ಯಾರೂ ಬಂದಿಲ್ವಾ?"

"ನಮ್ಮಕ್ಕ ಹೊರಗೆ ಕೂತಿದ್ದಾಳೆ."

"ಒಳಗೆ ಕರೀಲಾ?"

"ಬೇಡ ಸಿಸ್ಟರ್" ಎಂದೆ.